ಡಿಶ್‌ನಿಂದ ಹಾರ್ಡ್‌ಡಿಸ್ಕಿಗೆ: ಉಪಗ್ರಹ ಟಿವಿ ರೆಕಾರ್ಡ್ ಮಾಡಲು ಯಾವ ದಾರಿ ಹಿಡಿಯಬೇಕು?

ಉಪಗ್ರಹ ಚಾನೆಲ್‌ಗಳನ್ನು ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು "ಯಾವ ಕಾರ್ಡ್ ಕೊಳ್ಳಲಿ?" ಎಂದು. ಅದು ಎರಡನೇ ಪ್ರಶ್ನೆ. ಮೊದಲನೆಯದು, ನಿಮಗೆ ಬೇಕಾದ ಚಾನೆಲ್‌ಗೆ ಬೀಗ ಇದೆಯೋ ಇಲ್ಲವೋ ಎನ್ನುವುದು. ಬೀಗವಿಲ್ಲದೆ ಉಚಿತವಾಗಿ ಬರುವ ಫ್ರೀ ಟು ಏರ್ ಚಾನೆಲ್ ಆದರೆ ಡಿಶ್‌ನ ಕೇಬಲನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಬಹುದು, ಸೆಟ್‌ಟಾಪ್ ಬಾಕ್ಸಿನ ಹಂಗೇ ಇಲ್ಲ. ಚಂದಾ ಕಟ್ಟಿ ನೋಡುವ, ಸ್ಕ್ರ್ಯಾಂಬಲ್ ಆಗಿ ಬರುವ ಚಾನೆಲ್ ಆದರೆ ಬಹುತೇಕ ಸಂದರ್ಭಗಳಲ್ಲಿ ಆ ಸೇವೆಯ ಬಾಕ್ಸನ್ನು ದಾಟದೆ ಚಿತ್ರ ಹೊರಗೆ ಬರುವುದಿಲ್ಲ. ಇದೊಂದು ಗೊತ್ತಾದರೆ ಮಾರುಕಟ್ಟೆಯಲ್ಲಿರುವ ಅರ್ಧ ಸಾಮಾನು ನಿಮ್ಮ ಪಟ್ಟಿಯಿಂದ ತಾನಾಗಿಯೇ ಉದುರಿಹೋಗುತ್ತದೆ.

ಇದನ್ನು ತಿಳಿಯುವುದು ಕಷ್ಟವಲ್ಲ. ಲಿಂಗ್‌ಸ್ಯಾಟ್‌ನಂಥ ತಾಣಗಳಲ್ಲಿ ಪ್ರತಿ ಉಪಗ್ರಹದ ಪ್ರತಿ ಟ್ರಾನ್ಸ್‌ಪಾಂಡರಿನ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಹೊತ್ತು ತರುವ ಪ್ರಸಾರಕದ) ಪಟ್ಟಿ ಇರುತ್ತದೆ. ಚಾನೆಲ್‌ ಹೆಸರಿನ ಪಕ್ಕದಲ್ಲೇ ಅದು ಉಚಿತವೋ, ಯಾವ ಎನ್‌ಕ್ರಿಪ್ಷನ್‌ನಲ್ಲಿ ಬರುತ್ತಿದೆ, ಪ್ರಸಾರದ ಮಾನದಂಡ ಹಳೆಯ ಡಿವಿಬಿ-ಎಸ್ಸೋ ಹೊಸ ಎಸ್2ವೋ, ಚಿತ್ರದ ಕಂಪ್ರೆಷನ್ ಎಂಪೆಗ್-2ವೋ ಎಚ್.264ವೋ ಎಂಬುದೆಲ್ಲ ಕಾಣುತ್ತದೆ. ನೀವು ನಿಜವಾಗಿ ನೋಡುವ ಹತ್ತು ಚಾನೆಲ್‌ಗಳನ್ನು ಆ ಪಟ್ಟಿಯಲ್ಲಿ ಹುಡುಕಿ ಗುರುತು ಹಾಕಿಕೊಳ್ಳಿ. ಆಮೇಲೆ ಮುಂದೆ ಓದಿ.

ಎಲ್ಲಿ ಹಿಡಿಯುತ್ತೀರಿ ಎನ್ನುವುದೇ ನಿಜವಾದ ಆಯ್ಕೆ

ಉಪಗ್ರಹದಿಂದ ಬರುವಾಗಲೇ ಚಿತ್ರ, ಧ್ವನಿ ಎರಡೂ ಕಂಪ್ರೆಸ್ ಆಗಿರುತ್ತವೆ. 188 ಬೈಟ್‌ಗಳ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಕತ್ತರಿಸಿದ ಈ ಹರಿವಿಗೆ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎನ್ನುತ್ತಾರೆ. ಟ್ಯೂನರ್ ಮಾಡುವುದು ಇಷ್ಟೇ: ರೇಡಿಯೋ ಅಲೆಯಿಂದ ಈ ಪ್ಯಾಕೆಟ್‌ಗಳನ್ನು ಬಿಡಿಸಿ, ತಪ್ಪು ತಿದ್ದಿ, ಮುಂದಕ್ಕೆ ಕಳಿಸುವುದು. ಸಾಫ್ಟ್‌ವೇರ್ ಅದರಲ್ಲಿ ನಿಮ್ಮ ಚಾನೆಲ್‌ನ ಪ್ಯಾಕೆಟ್‌ಗಳನ್ನಷ್ಟೇ ಆರಿಸಿ ಡಿಸ್ಕಿಗೆ ಬರೆಯುತ್ತದೆ. ಎನ್‌ಕೋಡ್ ಮಾಡುವ, ಅಂದರೆ ಹೊಸದಾಗಿ ಕಂಪ್ರೆಸ್ ಮಾಡುವ ಗೋಜೇ ಇಲ್ಲ. ಹಾಗಾಗಿ ಹತ್ತು ವರ್ಷ ಹಳೆಯ, ಮೂಲೆ ಸೇರಿದ ಕಂಪ್ಯೂಟರ್ ಕೂಡ ನಾಲ್ಕು ಚಾನೆಲ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡುತ್ತ ತಣ್ಣಗಿರುತ್ತದೆ. ನಿಮಗೆ ಸಿಗುವ ಫೈಲು ಪ್ರಸಾರವಾದ ಡೇಟಾದ ಯಥಾಪ್ರತಿ. ಎರಡನೇ ಭಾಷೆಯ ಆಡಿಯೋ, ಸಬ್‌ಟೈಟಲ್, ಐದು ಚಾನೆಲ್ ಧ್ವನಿ ಎಲ್ಲವೂ ಅದರೊಳಗೇ ಇರುತ್ತವೆ.

ಬಾಕ್ಸಿನ ಎಚ್‌ಡಿಎಂಐ ತುದಿಯಲ್ಲಿ ಹಿಡಿಯುವುದು ಇದಕ್ಕೆ ಪೂರ್ತಿ ಉಲ್ಟಾ. ಬಾಕ್ಸ್ ಸೆಕೆಂಡಿಗೆ 10 ಮೆಗಾಬಿಟ್‌ನ ಹರಿವನ್ನು ಬಿಚ್ಚಿ, ಸೆಕೆಂಡಿಗೆ 60 ಫ್ರೇಮಿನ 1080 ಚಿತ್ರವಾದರೆ ಸುಮಾರು 3 ಗಿಗಾಬಿಟ್‌ನಷ್ಟು ಕಚ್ಚಾ ಚಿತ್ರವಾಗಿ ಹೊರಗೆ ಸುರಿಯುತ್ತದೆ. ಕ್ಯಾಪ್ಚರ್ ಸಾಧನ ಅದನ್ನು ಮತ್ತೊಮ್ಮೆ ಕಂಪ್ರೆಸ್ ಮಾಡಬೇಕು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಫೈಲು ಮೂಲಕ್ಕಿಂತ ದೊಡ್ಡದಾಗಿದ್ದೂ ಚಿತ್ರ ಮೂಲಕ್ಕಿಂತ ಕಳಪೆಯಾಗಿರುವುದು ಇಲ್ಲಿ ಮಾಮೂಲು. ಜೊತೆಗೆ ಆ ಕ್ಷಣದಲ್ಲಿ ಪರದೆಯ ಮೇಲೆ ಏನಿತ್ತೋ ಅದೇ ದಾಖಲಾಗುತ್ತದೆ. ಯಾರೋ ವಾಲ್ಯೂಮ್ ಹೆಚ್ಚಿಸಿದರೆ ಆ ಹಸಿರು ಪಟ್ಟಿಯೂ ರೆಕಾರ್ಡಿಂಗಿನಲ್ಲಿ ಶಾಶ್ವತ.

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಸಿಗುವ ದಾರಿ ಒಂದಿದ್ದರೂ ಅದನ್ನೇ ಹಿಡಿಯಿರಿ. ಎಚ್‌ಡಿಎಂಐ ಕ್ಯಾಪ್ಚರ್ ಬೇರೆ ಗತಿಯಿಲ್ಲದಾಗಿನ ಮಾತು.

ಒಳಗೆ ಕೂರುವ ಕಾರ್ಡ್, ಹೊರಗೆ ನೇತಾಡುವ ಯುಎಸ್‌ಬಿ

ಡೆಸ್ಕ್‌ಟಾಪ್ ಇದ್ದು, ಅದು ಇಡೀ ದಿನ ಆನ್ ಇರುವುದಾದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಷ್ಟು ನೆಚ್ಚಿಗೆಯ ಸಾಧನ ಇನ್ನೊಂದಿಲ್ಲ. ಟಿಬಿಎಸ್, ಡಿಜಿಟಲ್ ಡಿವೈಸಸ್ ಕಂಪನಿಗಳ ಕಾರ್ಡ್‌ಗಳಲ್ಲಿ ಎರಡು, ನಾಲ್ಕು, ಎಂಟು ಟ್ಯೂನರ್‌ಗಳವರೆಗೆ ಸಿಗುತ್ತವೆ. ಒಮ್ಮೆ ಸ್ಕ್ರೂ ಬಿಗಿದು ಮುಚ್ಚಿದರೆ ಮುಗಿಯಿತು. ಕೇಬಲ್ ಜಗ್ಗಿ ಕಳಚುವುದಿಲ್ಲ, ಬೇರೆ ಅಡಾಪ್ಟರ್ ಬೇಕಿಲ್ಲ. ಹಳೆಯ ಪಿಸಿಐ ಕಾರ್ಡ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಕ್ಕಿದರೂ ಮುಟ್ಟಬೇಡಿ. ಸ್ಕೈಸ್ಟಾರ್ 2ರಂಥವು ಡಿವಿಬಿ-ಎಸ್ ಮಾತ್ರ ಅರಿತವು. ಎಚ್‌ಡಿ ಚಾನೆಲ್‌ಗಳು ಬಹುತೇಕ ಡಿವಿಬಿ-ಎಸ್2ನಲ್ಲೇ ಬರುವುದರಿಂದ ಅವುಗಳ ಕಣ್ಣಿಗೆ ಆ ಟ್ರಾನ್ಸ್‌ಪಾಂಡರ್‌ಗಳು ಬೀಳುವುದೇ ಇಲ್ಲ.

ಯುಎಸ್‌ಬಿ ಟ್ಯೂನರ್ ಲ್ಯಾಪ್‌ಟಾಪ್ ಇರುವವರಿಗೆ, ಒಂದು ಸಲ ಪ್ರಯತ್ನಿಸಿ ನೋಡುವವರಿಗೆ ಸರಿ. ಇಲ್ಲಿ ಒಂದು ವಿಷಯ ತಿಳಿದಿರಲಿ. ಡಿಶ್‌ನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದು ಟ್ಯೂನರಿನಿಂದಲೇ, ಅದೇ ಕೇಬಲಿನಲ್ಲಿ. ಯುಎಸ್‌ಬಿ ಪೋರ್ಟ್ ಕೊಡುವ 5 ವೋಲ್ಟ್ ಅದಕ್ಕೆ ಸಾಲದು. ಹಾಗಾಗಿ ಸಾಮಾನ್ಯವಾಗಿ ಈ ಸಾಧನಗಳ ಜೊತೆ ಪ್ರತ್ಯೇಕ ಅಡಾಪ್ಟರ್ ಬರುತ್ತದೆ. ಅದನ್ನು ಸಿಕ್ಕಿಸಲು ಮರೆತು "ಸಿಗ್ನಲ್ ಇಲ್ಲ" ಎಂದು ಡಿಶ್ ತಿರುಗಿಸಲು ಹೊರಟವರು ಕಡಿಮೆಯಿಲ್ಲ. ಇನ್ನೊಂದು ಕಿರಿಕಿರಿ ಎಂದರೆ, ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದಾಗ ಕೆಲವು ಯುಎಸ್‌ಬಿ ಟ್ಯೂನರ್‌ಗಳು ಏಳುವುದೇ ಇಲ್ಲ. ತೆಗೆದು ಮತ್ತೆ ಸಿಕ್ಕಿಸಿದರಷ್ಟೇ ಜೀವ ಬರುತ್ತದೆ. ರಾತ್ರಿ ಎರಡು ಗಂಟೆಯ ರೆಕಾರ್ಡಿಂಗಿಗೆ ಆ ಕೆಲಸ ಯಾರು ಮಾಡಬೇಕು?

ಲಿನಕ್ಸ್ ಬಳಸುವವರು ಡ್ರೈವರ್ ವಿಷಯದಲ್ಲಿ ಜಾಗ್ರತೆ. ಕೆಲವು ಟ್ಯೂನರ್‌ಗಳ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ, ಸಿಕ್ಕಿಸಿದರೆ ಸಾಕು. ಇನ್ನು ಕೆಲವಕ್ಕೆ ತಯಾರಕರು ಕೊಡುವ ಡ್ರೈವರನ್ನು ನೀವೇ ಕಂಪೈಲ್ ಮಾಡಬೇಕು. ಕರ್ನಲ್ ತಾನಾಗಿ ಅಪ್‌ಡೇಟ್ ಆದ ಮರುದಿನ ಟ್ಯೂನರ್ ಮಾಯವಾಗಿರುತ್ತದೆ, ಮತ್ತೆ ಕಂಪೈಲ್. ಕೊಳ್ಳುವ ಮುನ್ನ ಲಿನಕ್ಸ್‌ಟಿವಿ ವಿಕಿಯಲ್ಲಿ ಆ ಮಾಡೆಲ್ ಸಂಖ್ಯೆ ಹುಡುಕಿ. ಒಂದೇ ಹೆಸರಿನ ಡಬ್ಬದೊಳಗೆ ಬೇರೆ ಬೇರೆ ಚಿಪ್ ಇರುವುದುಂಟು, ಆವೃತ್ತಿ ಸಂಖ್ಯೆಯನ್ನೂ ತಾಳೆ ನೋಡಿ.

ನೆಟ್‌ವರ್ಕ್ ಟ್ಯೂನರ್

ಉಪಗ್ರಹ ಕಂಪನಿ ಎಸ್‌ಇಎಸ್ 2012ರಲ್ಲಿ ಮುಂದಿಟ್ಟ ಸ್ಯಾಟ್ ಐಪಿ ಎಂಬ ವ್ಯವಸ್ಥೆ ನನ್ನ ಲೆಕ್ಕದಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ಜಾಣ ಯೋಚನೆ. ಟ್ಯೂನರ್ ಕಂಪ್ಯೂಟರಿನಲ್ಲಿ ಇರಬೇಕೆಂದೇ ಇಲ್ಲ. ಡಿಶ್‌ನ ಕೇಬಲ್‌ಗಳು ಮನೆಯೊಳಗೆ ಬರುವ ಜಾಗದಲ್ಲೇ ಒಂದು ಪೆಟ್ಟಿಗೆ ಇಟ್ಟರೆ, ಅದು ಕೇಳಿದ ಚಾನೆಲ್‌ನ ಟ್ರಾನ್ಸ್‌ಪೋರ್ಟ್ ಸ್ಟ್ರೀಮನ್ನು ಮನೆಯ ನೆಟ್‌ವರ್ಕಿಗೆ ಬಿಡುತ್ತದೆ. ಕಂಪ್ಯೂಟರ್ ಯಾವ ಕೋಣೆಯಲ್ಲಿದ್ದರೂ, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಮ್ಯಾಕ್ ಆಗಲಿ, ಡ್ರೈವರ್ ಎಂಬ ಪಿಡುಗೇ ಇಲ್ಲ. ಕಂಪ್ಯೂಟರ್ ಬದಲಾಯಿಸಿದರೂ ಟ್ಯೂನರ್ ಹಾಗೇ ಉಳಿಯುತ್ತದೆ. ನಾಲ್ಕು ಟ್ಯೂನರಿನ ಪೆಟ್ಟಿಗೆ ಸಾಮಾನ್ಯ, ಎಂಟರವೂ ಇವೆ. ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಕಾರ್ಡ್ ಈಗಾಗಲೇ ಇದ್ದರೆ ಮಿನಿಸ್ಯಾಟ್‌ಐಪಿ ಎಂಬ ಉಚಿತ ತಂತ್ರಾಂಶ ಹಾಕಿ ಅದನ್ನೇ ಇಂಥ ಪೆಟ್ಟಿಗೆಯನ್ನಾಗಿ ಮಾಡಿಕೊಳ್ಳಬಹುದು.

ಒಂದೇ ಶರತ್ತು: ತಂತಿ ಇರಬೇಕು. ಈ ಹರಿವು ಸಾಮಾನ್ಯವಾಗಿ ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದಲ್ಲಿ ಸಾಗುತ್ತದೆ, ಕಳೆದುಹೋದ ಪ್ಯಾಕೆಟನ್ನು ಮತ್ತೆ ಕೇಳುವ ಪದ್ಧತಿ ಅದರಲ್ಲಿಲ್ಲ. ಯೂಟ್ಯೂಬ್ ಚೆನ್ನಾಗಿ ಓಡುವ ವೈಫೈಯಲ್ಲೇ ಸ್ಯಾಟ್ ಐಪಿ ಚಿತ್ರ ಚೌಕ ಚೌಕವಾಗಿ ಒಡೆಯುವುದು ಇದಕ್ಕೇ. ಎತರ್ನೆಟ್ ಕೇಬಲ್ ಎಳೆಯಲು ಸಾಧ್ಯವಿಲ್ಲದ ಮನೆಯಾದರೆ ಈ ದಾರಿ ಬಿಟ್ಟುಬಿಡಿ.

ಬಾಕ್ಸೇ ರೆಕಾರ್ಡ್ ಮಾಡಲಿ, ಕಂಪ್ಯೂಟರ್ ತಂದಿಟ್ಟುಕೊಳ್ಳಲಿ

ಡ್ರೀಮ್‌ಬಾಕ್ಸ್, ವಿಯು ಪ್ಲಸ್‌ನಂಥ ಎನಿಗ್ಮಾ2 ಬಾಕ್ಸ್‌ಗಳು ಒಳಗೆ ಲಿನಕ್ಸ್ ಓಡಿಸುತ್ತವೆ. ತಮ್ಮದೇ ಡಿಸ್ಕಿನಲ್ಲಿ ಟ್ರಾನ್ಸ್‌ಪೋರ್ಟ್ ಸ್ಟ್ರೀಮನ್ನು ಹಾಗೇ ಬರೆದಿಡುತ್ತವೆ, ಆ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ತೆರೆದು ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬಹುದು. ರೆಕಾರ್ಡಿಂಗ್ ಹೊತ್ತಿನಲ್ಲಿ ಕಂಪ್ಯೂಟರ್ ಆನ್ ಇರಬೇಕಿಲ್ಲ. ಮನೆಯಲ್ಲಿ ಉಳಿದವರಿಗೆ ರಿಮೋಟ್ ಹಿಡಿದರೆ ಸಾಕು, ಟ್ಯೂನರ್ ಎಂದರೇನೆಂದು ಗೊತ್ತಿರಬೇಕಾಗಿಯೂ ಇಲ್ಲ. ಕಂಪ್ಯೂಟರ್ ಬಗ್ಗೆ ಆಸೆಗಿಂತ ಬೇಸರ ಹೆಚ್ಚಿರುವ ಮನೆಗಳಿಗೆ ನಾನು ಹೇಳುವುದು ಇದನ್ನೇ.

ಆದರೆ ಸೇವಾ ಕಂಪನಿಗಳು ಕೊಡುವ ರೆಕಾರ್ಡಿಂಗ್ ಬಾಕ್ಸನ್ನು ಇದರ ಜೊತೆ ಸಮ ಮಾಡಬೇಡಿ. ಅವುಗಳಲ್ಲಿ ಬಹುತೇಕವು ಡಿಸ್ಕಿನ ಮೇಲಿನ ಫೈಲನ್ನು ಆ ಬಾಕ್ಸಿಗಷ್ಟೇ ಬಿಚ್ಚಲು ಬರುವಂತೆ ಬೀಗ ಹಾಕಿ ಬರೆಯುತ್ತವೆ. ಡಿಸ್ಕ್ ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದರೆ ಕಸ ಮಾತ್ರ ಕಾಣುತ್ತದೆ. ಬಾಕ್ಸ್ ಕೆಟ್ಟರೆ ರೆಕಾರ್ಡಿಂಗ್‌ಗಳೂ ಅದರ ಜೊತೆಗೇ ಹೋದವು.

ಬೀಗ ಹಾಕಿದ ಚಾನೆಲ್ ಆದರೆ

ಇಲ್ಲಿ ಎರಡೇ ಸಭ್ಯ ದಾರಿ. ಮೊದಲನೆಯದು ಸಿಐ ಸ್ಲಾಟ್ (ಬೀಗ ತೆಗೆಯುವ ಮಾಡ್ಯೂಲ್ ತೂರಿಸುವ ಕಿಂಡಿ) ಇರುವ ಕಾರ್ಡ್ ಅಥವಾ ಯುಎಸ್‌ಬಿ ಟ್ಯೂನರ್. ನಿಮ್ಮ ಸೇವೆ ಬಾಕ್ಸಿನ ಬದಲು ಕ್ಯಾಮ್ ಮಾಡ್ಯೂಲ್ ಕೊಡುವುದಾದರೆ, ಅದರೊಳಗೆ ಚಂದಾ ಕಾರ್ಡ್ ಹಾಕಿ ಸ್ಲಾಟಿಗೆ ತೂರಿಸಿದರೆ ಬೀಗ ತೆಗೆದ ಸ್ಟ್ರೀಮ್ ಕಂಪ್ಯೂಟರಿಗೆ ಬರುತ್ತದೆ. ಹೊಸ ಸಿಐ ಪ್ಲಸ್ ಮಾಡ್ಯೂಲ್‌ಗಳು ಮಾತ್ರ ಎದುರಿಗಿರುವ ಸಾಧನದ ಪ್ರಮಾಣಪತ್ರ ಕೇಳುತ್ತವೆ. ಟಿವಿಗಳ ಬಳಿ ಅದು ಇರುತ್ತದೆ, ಸಾಮಾನ್ಯ ಕಂಪ್ಯೂಟರ್ ಕಾರ್ಡಿನ ಬಳಿ ಇರುವುದಿಲ್ಲ. ಮಾಡ್ಯೂಲ್ ಯಾವುದೆಂದು ತಿಳಿಯದೆ ಸಿಐ ಕಾರ್ಡಿಗೆ ದುಡ್ಡು ಹಾಕಬೇಡಿ.

ಎರಡನೆಯದು ಕ್ಯಾಪ್ಚರ್. ಆಧುನಿಕ ಬಾಕ್ಸ್‌ಗಳ ಎಚ್‌ಡಿಎಂಐ ಮೇಲೆ ಸಾಮಾನ್ಯವಾಗಿ ಎಚ್‌ಡಿಸಿಪಿ ಎಂಬ ನಕಲು ತಡೆಯುವ ಕಾವಲು ಇರುತ್ತದೆ. ಅದಿದ್ದಲ್ಲಿ ನಿಯಮ ಪಾಲಿಸುವ ಕ್ಯಾಪ್ಚರ್ ಸಾಧನ ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತದೆ. ಆ ಕಾವಲನ್ನು ಕಳಚುವ ಸಾಧನಗಳ ಬಗ್ಗೆ ಕೇಳಿರುತ್ತೀರಿ. ತಾನು ನೋಡಲೆಂದು ರೆಕಾರ್ಡ್ ಮಾಡಿಕೊಳ್ಳುವುದನ್ನು ಒಪ್ಪುವ ಕಾನೂನುಗಳು ಕೂಡ ಹಲವೆಡೆ ಬೀಗ ಒಡೆಯುವುದನ್ನು ಒಪ್ಪುವುದಿಲ್ಲ, ಹಾಗಾಗಿ ನಾನದನ್ನು ಆಯ್ಕೆಯ ಲೆಕ್ಕಕ್ಕೇ ಹಿಡಿದಿಲ್ಲ. ಬಾಕ್ಸಿನಲ್ಲಿ ಕೆಂಪು, ಹಸಿರು, ನೀಲಿಯ ಕಾಂಪೊನೆಂಟ್ ಔಟ್‌ಪುಟ್ ಇದ್ದರೆ ಅನಲಾಗ್ ದಾರಿಯೊಂದು ಉಳಿಯುತ್ತದೆ. ಹಾಪಾಗ್ ಕಂಪನಿಯ ಎಚ್‌ಡಿ ಪಿವಿಆರ್ 2008ರಲ್ಲಿ ಬಂದು ಹೆಸರು ಮಾಡಿದ್ದು ಇದಕ್ಕೇ. ಹಳದಿ ಪಿನ್ನಿನ ಕಾಂಪೋಸಿಟ್ ವಿಡಿಯೋ ಕೊನೆಯ ಪಾಲು, ಚಿತ್ರ ಬಟ್ಟೆಯ ಹಿಂದಿನಿಂದ ನೋಡಿದ ಹಾಗಿರುತ್ತದೆ.

ಕ್ಯಾಪ್ಚರಿನ ನಿಜವಾದ ತೊಡಕು ಚಿತ್ರದ ಗುಣಮಟ್ಟವೂ ಅಲ್ಲ. ಕಂಪ್ಯೂಟರಿಗೆ ಚಾನೆಲ್ ಬದಲಾಯಿಸಲು ಬರುವುದಿಲ್ಲ. ಬಾಕ್ಸಿನ ಮುಂದೆ ಇನ್ಫ್ರಾರೆಡ್ ಬ್ಲಾಸ್ಟರ್ ಅಂಟಿಸಿ, ರಿಮೋಟಿನ ಗುಂಡಿ ಒತ್ತಿದಂತೆ ನಟಿಸಬೇಕು. ಮೂರಂಕಿಯ ಚಾನೆಲ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಎರಡು ಗಂಟೆ ಬೇರೆ ಯಾವುದೋ ಚಾನೆಲ್ ರೆಕಾರ್ಡ್ ಆಗಿರುತ್ತದೆ. ಬಾಕ್ಸಿನಲ್ಲಿ ಆಟೋ ಸ್ಟ್ಯಾಂಡ್‌ಬೈ ಎಂಬ ಸೆಟ್ಟಿಂಗ್ ಇದ್ದರಂತೂ, ಕೆಲ ಗಂಟೆ ಯಾರೂ ಗುಂಡಿ ಒತ್ತದಿದ್ದರೆ ಅದು ತಾನೇ ಮಲಗುತ್ತದೆ. ಕ್ಯಾಪ್ಚರ್ ಸಾಧನ ಶ್ರದ್ಧೆಯಿಂದ ಕತ್ತಲೆಯನ್ನು ದಾಖಲಿಸುತ್ತಿರುತ್ತದೆ. ಮೊದಲು ಆ ಸೆಟ್ಟಿಂಗ್ ಹುಡುಕಿ ಆಫ್ ಮಾಡಿ.

ಎಷ್ಟು ಟ್ಯೂನರ್ ಬೇಕು? ಅಂದುಕೊಂಡದ್ದಕ್ಕಿಂತ ಕಡಿಮೆ

"ಮೂರು ಚಾನೆಲ್ ಒಟ್ಟಿಗೆ ಬೇಕು, ಅಂದರೆ ಮೂರು ಟ್ಯೂನರ್" ಎಂಬ ಲೆಕ್ಕ ತಪ್ಪು. ಟ್ಯೂನರ್ ಹಿಡಿಯುವುದು ಚಾನೆಲನ್ನಲ್ಲ, ಇಡೀ ಟ್ರಾನ್ಸ್‌ಪಾಂಡರನ್ನು. ಸಿಂಬಲ್ ರೇಟ್ (ಪ್ರಸಾರದ ವೇಗ) 27,500, ಎಫ್‌ಇಸಿ (ತಪ್ಪು ತಿದ್ದುವ ಮೀಸಲಿನ ಲೆಕ್ಕ) 3/4 ಇರುವ ಒಂದು ಡಿವಿಬಿ-ಎಸ್ ಟ್ರಾನ್ಸ್‌ಪಾಂಡರಿನಲ್ಲಿ ಸುಮಾರು 38 ಮೆಗಾಬಿಟ್ ಹರಿಯುತ್ತದೆ. 4 ಮೆಗಾಬಿಟ್‌ನ ಚಾನೆಲ್‌ಗಳಾದರೆ ಅದರಲ್ಲಿ ಒಂಬತ್ತು ಕೂರುತ್ತವೆ. ಒಂದೇ ಟ್ಯೂನರಿನಿಂದ ಆ ಒಂಬತ್ತನ್ನೂ ಏಕಕಾಲಕ್ಕೆ ಡಿಸ್ಕಿಗೆ ಇಳಿಸಬಹುದು, ಸಾಫ್ಟ್‌ವೇರ್ ಬೆಂಬಲಿಸಿದರೆ ಸಾಕು. ಒಂದೇ ಸಂಸ್ಥೆಯ ಚಾನೆಲ್‌ಗಳು ಹಲವು ಸಲ ಒಂದೇ ಟ್ರಾನ್ಸ್‌ಪಾಂಡರಿನಲ್ಲಿರುತ್ತವೆ. ಮೊದಲು ಗುರುತು ಹಾಕಿಕೊಂಡ ಪಟ್ಟಿಯನ್ನು ಈಗ ತೆಗೆದು, ಹತ್ತು ಚಾನೆಲ್ ಎಷ್ಟು ಟ್ರಾನ್ಸ್‌ಪಾಂಡರ್‌ಗಳಲ್ಲಿ ಹರಡಿವೆ ಎಂದು ಎಣಿಸಿ. ಎಷ್ಟೋ ಮನೆಗಳಿಗೆ ಎರಡು ಟ್ಯೂನರ್ ಧಾರಾಳ.

ಟ್ಯೂನರ್ ಹೆಚ್ಚಾದರೆ ಕೇಬಲ್ ಕಥೆ ಶುರುವಾಗುತ್ತದೆ. ಎಲ್‌ಎನ್‌ಬಿಗೆ 13 ವೋಲ್ಟ್ ಕೊಟ್ಟರೆ ಅದು ವರ್ಟಿಕಲ್ ಧ್ರುವೀಕರಣದ (ಲಂಬವಾಗಿ ಕಂಪಿಸುವ) ಅಲೆ ಕೊಡುತ್ತದೆ, 18 ವೋಲ್ಟ್ ಕೊಟ್ಟರೆ ಹಾರಿಜಾಂಟಲ್. ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ 22 ಕಿಲೋಹರ್ಟ್ಸ್ ಟೋನ್ ಕಳಿಸಿದರೆ ಮೇಲಿನ ಬ್ಯಾಂಡ್, ಇಲ್ಲದಿದ್ದರೆ ಕೆಳಗಿನದು. ಅಂದರೆ ಒಂದು ಕೇಬಲಿನಲ್ಲಿ ಒಂದು ಹೊತ್ತಿಗೆ ಉಪಗ್ರಹದ ಕಾಲು ಭಾಗ ಮಾತ್ರ ಬರುತ್ತದೆ. ಒಂದು ಕೇಬಲನ್ನು ಸಾದಾ ಸ್ಪ್ಲಿಟರಿನಿಂದ ಸೀಳಿ ಎರಡು ಟ್ಯೂನರಿಗೆ ಕೊಟ್ಟರೆ ಒಂದು 13 ಎನ್ನುತ್ತದೆ, ಇನ್ನೊಂದು 18 ಎನ್ನುತ್ತದೆ. ಜಗಳದಲ್ಲಿ ಒಂದರ ರೆಕಾರ್ಡಿಂಗ್ ಸಾಯುತ್ತದೆ. ಎರಡು ಟ್ಯೂನರಿಗೆ ಟ್ವಿನ್ ಎಲ್‌ಎನ್‌ಬಿ, ನಾಲ್ಕಕ್ಕೆ ಕ್ವಾಡ್ ಹಾಕಿ, ಒಂದೊಂದಕ್ಕೂ ಬೇರೆ ಕೇಬಲ್ ಎಳೆಯುವುದು ನೇರ ದಾರಿ. ಹೊಸ ಕೇಬಲ್ ಎಳೆಯಲು ಜಾಗವೇ ಇಲ್ಲದಿದ್ದರೆ ಯೂನಿಕೇಬಲ್ ಎಲ್‌ಎನ್‌ಬಿ ನೋಡಿ. ಒಂದೇ ತಂತಿಯಲ್ಲಿ ಹಳೆಯ ಮಾನದಂಡ 8 ಟ್ಯೂನರ್‌ಗಳವರೆಗೆ, ಹೊಸದು 32ರವರೆಗೆ ಒಪ್ಪುತ್ತದೆ. ಆದರೆ ಟ್ಯೂನರ್, ಸಾಫ್ಟ್‌ವೇರ್ ಎರಡಕ್ಕೂ ಯೂನಿಕೇಬಲ್ ಭಾಷೆ ಬರಬೇಕು.

ಇಷ್ಟೆಲ್ಲ ಮಾಡಿ ಮೀಟರಿನಲ್ಲಿ "ಸ್ಟ್ರೆಂತ್" 90 ಕಂಡರೆ ಖುಷಿಪಡಬೇಡಿ. ನೋಡಬೇಕಾದ್ದು "ಕ್ವಾಲಿಟಿ", ಅಂದರೆ ಡೆಸಿಬಲ್‌ನಲ್ಲಿ ತೋರಿಸುವ ಸಿಗ್ನಲ್–ನಾಯ್ಸ್ ಅನುಪಾತ. ಕೇಬಲಿನಲ್ಲಿ ಆಂಪ್ಲಿಫೈಯರ್ ಇದ್ದರೆ ಸದ್ದುಗದ್ದಲವೂ ಸ್ಟ್ರೆಂತ್ ಎಂದೇ ಎಣಿಕೆಯಾಗುತ್ತದೆ. ಉಪಗ್ರಹ ಟಿವಿಯ ತರಂಗಪಟ್ಟಿಗಳಲ್ಲಿ ಕೆಯು ಬ್ಯಾಂಡ್ ಮಳೆಗೆ ಬಗ್ಗುತ್ತದೆ, ಸಿ ಬ್ಯಾಂಡ್ ಅಷ್ಟಾಗಿ ಬಗ್ಗುವುದಿಲ್ಲ. ಬಿಸಿಲಲ್ಲಿ ಅಂಚಿನಲ್ಲಿ ನಡೆಯುತ್ತಿರುವ ಡಿಶ್ ಮೋಡ ಕವಿದ ರಾತ್ರಿಯ ರೆಕಾರ್ಡಿಂಗನ್ನು ಖಂಡಿತ ಕೆಡಿಸುತ್ತದೆ. ದುಬಾರಿ ಟ್ಯೂನರಿಗಿಂತ ಮೊದಲು ಎಲ್‌ಎನ್‌ಬಿಯನ್ನು ಸ್ವಲ್ಪ ತಿರುಗಿಸಿ, ಎಫ್ ಕನೆಕ್ಟರ್ ಹೊಸದಾಗಿ ಕಟ್ಟಿಸಿ.

ಸಾಫ್ಟ್‌ವೇರ್

ಲಿನಕ್ಸ್‌ನಲ್ಲಿ ಟಿವಿಹೆಡ್‌ಎಂಡ್. ಪರದೆಯೇ ಇಲ್ಲದ ಯಂತ್ರದಲ್ಲಿ ಓಡುತ್ತದೆ, ಬ್ರೌಸರಿನಲ್ಲಿ 9981 ಪೋರ್ಟ್ ತೆರೆದರೆ ಎಲ್ಲ ಅಲ್ಲೇ. ಕಾರ್ಡ್, ಯುಎಸ್‌ಬಿ, ಸ್ಯಾಟ್ ಐಪಿ ಮೂರನ್ನೂ ಒಟ್ಟಿಗೆ ನಿಭಾಯಿಸುತ್ತದೆ. ನೆಟ್‌ವರ್ಕ್, ಮಕ್ಸ್ (ಅಂದರೆ ಟ್ರಾನ್ಸ್‌ಪಾಂಡರ್), ಸರ್ವಿಸ್, ಚಾನೆಲ್ ಎಂಬ ಅದರ ನಾಲ್ಕು ಮೆಟ್ಟಿಲು ಮೊದಲ ದಿನ ತಲೆಕೆಡಿಸುತ್ತದೆ, ನಿಜ. ನೋಡಲು ಕೋಡಿ ಎಂಬ ಪ್ಲೇಯರ್ ಹಾಕಿಕೊಳ್ಳಿ. ಕೋಡಿ ತಾನೇ ರೆಕಾರ್ಡ್ ಮಾಡುವುದಿಲ್ಲ, ಹಿಂದೆ ಇಂಥದ್ದೊಂದು ಸರ್ವರ್ ಬೇಕು ಎನ್ನುವುದು ಹಲವರಿಗೆ ತಡವಾಗಿ ಗೊತ್ತಾಗುತ್ತದೆ. 2000ದ ಸುಮಾರಿಗೆ ಕ್ಲಾಸ್ ಶ್ಮಿಡಿಂಗರ್ ಶುರುಮಾಡಿದ ವಿಡಿಆರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಇನ್ನೂ ಜೀವಂತವಿದೆ, ಟಿವಿಯ ಪಕ್ಕದಲ್ಲೇ ಇಡುವ ಯಂತ್ರಕ್ಕೆ ಚೆಂದ.

ವಿಂಡೋಸ್‌ನಲ್ಲಿ ಉಚಿತವಾಗಿ ಬೇಕೆಂದರೆ ನೆಕ್ಸ್ಟ್‌ಪಿವಿಆರ್. ಡಿಶ್ ಬಗ್ಗೆ ಆಳವಾಗಿ ಕೈಯಾಡಿಸುವವರಿಗೆ ಹಣ ಕೊಟ್ಟು ಕೊಳ್ಳುವ ಡಿವಿಬಿವ್ಯೂವರ್ ಹೆಚ್ಚು ಹಿತ. ವಿಂಡೋಸ್ ಮೀಡಿಯಾ ಸೆಂಟರ್ ನೆನಪಿನಲ್ಲಿ ಹುಡುಕಬೇಡಿ, 2015ರ ವಿಂಡೋಸ್ 10ರಲ್ಲೇ ಅದನ್ನು ಕೈಬಿಟ್ಟರು.

ಯಾವುದನ್ನೇ ಹಾಕಿದರೂ ಪ್ಯಾಡಿಂಗ್ ಮರೆಯಬೇಡಿ. ಕಾರ್ಯಕ್ರಮ ಪಟ್ಟಿಯ ಸಮಯಕ್ಕೂ ಪ್ರಸಾರಕ್ಕೂ ಕೂಡಿಬರುವುದು ಅಪರೂಪ. ಮೊದಲು ಮೂರು ನಿಮಿಷ, ಕೊನೆಗೆ ಹತ್ತು ನಿಮಿಷ ಬಿಡಿ. ನೇರಪ್ರಸಾರದ ಪಂದ್ಯವಾದರೆ ಒಂದು ಗಂಟೆಯೇ ಬಿಡಿ, ಡಿಸ್ಕ್‌ಜಾಗ ಕೊನೆಯ ಓವರಿಗಿಂತ ದೊಡ್ಡದಲ್ಲ.

ಡಿಸ್ಕ್ ಮತ್ತು ನಿದ್ದೆ

ಒಂದು ಸೂತ್ರ ಸಾಕು: ಸೆಕೆಂಡಿಗೆ 1 ಮೆಗಾಬಿಟ್ ಎಂದರೆ ಗಂಟೆಗೆ 0.45 ಜಿಬಿ. 4 ಮೆಗಾಬಿಟ್‌ನ ಸಾದಾ ಚಾನೆಲ್ ಗಂಟೆಗೆ 1.8 ಜಿಬಿ ತಿನ್ನುತ್ತದೆ, 10 ಮೆಗಾಬಿಟ್‌ನ ಎಚ್‌ಡಿ 4.5 ಜಿಬಿ. 1 ಟಿಬಿ ಡಿಸ್ಕಿನಲ್ಲಿ ಇಂಥ ಎಚ್‌ಡಿ ಸುಮಾರು 220 ಗಂಟೆ. ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32ರಲ್ಲಿದ್ದರೆ 4 ಜಿಬಿ ಮುಟ್ಟಿದೊಡನೆ ಫೈಲು ನಿಲ್ಲುತ್ತದೆ ಅಥವಾ ತುಂಡಾಗುತ್ತದೆ, ಮೊದಲೇ ಎನ್‌ಟಿಎಫ್‌ಎಸ್ ಅಥವಾ ಎಕ್ಸ್ಟ್4 ಮಾಡಿಕೊಳ್ಳಿ. ರೆಕಾರ್ಡಿಂಗಿಗೆ ಎಸ್‌ಎಸ್‌ಡಿಯ ವೇಗ ಬೇಕಿಲ್ಲ. ನಾಲ್ಕು ಎಚ್‌ಡಿ ಚಾನೆಲ್ ಒಟ್ಟಿಗೆ ಬರೆದರೂ ಸೆಕೆಂಡಿಗೆ 5 ಮೆಗಾಬೈಟ್, ಸಾದಾ ಹಾರ್ಡ್‌ಡಿಸ್ಕಿಗೆ ಅದು ಲೆಕ್ಕಕ್ಕಿಲ್ಲ.

ಕಂಪ್ಯೂಟರ್ ಮಲಗಿ, ರೆಕಾರ್ಡಿಂಗ್ ಹೊತ್ತಿಗೆ ತಾನೇ ಏಳುವುದು ಕಾಗದದ ಮೇಲೆ ಸುಲಭ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ವೇಕ್ ಟೈಮರಿಗೆ ಅನುಮತಿ ಕೊಡಬೇಕು, ಕೆಲವು ಯಂತ್ರಗಳಲ್ಲಿ ಬಯೋಸ್‌ನಲ್ಲೂ ಕೊಡಬೇಕು. ಹೊಸ ಲ್ಯಾಪ್‌ಟಾಪ್‌ಗಳ ನಿದ್ದೆಯನ್ನಂತೂ ನಂಬುವ ಹಾಗಿಲ್ಲ. ಕಡಿಮೆ ವಿದ್ಯುತ್ ತಿನ್ನುವ ಮಿನಿ ಪಿಸಿ ಅಥವಾ ರಾಸ್ಪ್‌ಬೆರಿ ಪೈ ಒಂದನ್ನು ಸದಾ ಆನ್ ಇಟ್ಟು, ಸ್ಯಾಟ್ ಐಪಿ ಪೆಟ್ಟಿಗೆಗೆ ಜೋಡಿಸಿ, ಮುಖ್ಯ ಕಂಪ್ಯೂಟರನ್ನು ನೆಮ್ಮದಿಯಾಗಿ ಆಫ್ ಮಾಡುವುದೇ ನನಗೆ ಒಪ್ಪುವ ಜೋಡಣೆ. ಪೈ ಆದರೆ 4ನೇ ಅಥವಾ ನಂತರದ ಪೀಳಿಗೆ ಇರಲಿ. 3ರಲ್ಲಿ ಎತರ್ನೆಟ್, ಡಿಸ್ಕ್ ಎರಡೂ ಒಂದೇ ಯುಎಸ್‌ಬಿ 2 ದಾರಿಯಲ್ಲಿ ನೂಕುನುಗ್ಗಲು ಮಾಡುತ್ತವೆ.

ರೆಕಾರ್ಡ್ ಆದ ಫೈಲನ್ನು ನೋಡಿ ಅಳಿಸುವುದಾದರೆ ಹಾಗೇ ಬಿಡಿ, ವಿಎಲ್‌ಸಿ ಅದನ್ನು ಸಲೀಸಾಗಿ ಓಡಿಸುತ್ತದೆ. ಇಟ್ಟುಕೊಳ್ಳುವುದಾದರೆ ಲಾಸ್‌ಲೆಸ್‌ಕಟ್‌ನಲ್ಲಿ ಜಾಹೀರಾತು ಕತ್ತರಿಸಿ ಎಂಕೆವಿ ಮಾಡಿಕೊಳ್ಳಿ. ಮರು ಎನ್‌ಕೋಡ್ ಇಲ್ಲದ್ದರಿಂದ ಒಂದು ಗಂಟೆಯ ಫೈಲೂ ಬೇಗ ಮುಗಿಯುತ್ತದೆ. ಕತ್ತರಿ ಕೀಫ್ರೇಮಿನ (ಪೂರ್ತಿ ಚಿತ್ರವಿರುವ ಫ್ರೇಮಿನ) ಮೇಲೆಯೇ ಬೀಳುವುದರಿಂದ ಅರ್ಧ ಸೆಕೆಂಡಿನಷ್ಟು ಜಾಹೀರಾತು ಅಂಚಿನಲ್ಲಿ ಉಳಿದೀತು. ಜಾಗ ಉಳಿಸಲು ಎನ್‌ಕೋಡ್ ಮಾಡಲೇಬೇಕೆಂದರೆ, ಇಂಟರ್‌ಲೇಸ್ಡ್ (ಪ್ರತಿ ಫ್ರೇಮನ್ನು ಫೀಲ್ಡ್ ಎಂಬ ಎರಡು ಅರ್ಧಗಳಾಗಿ ಕಳಿಸುವ) ಪ್ರಸಾರದಲ್ಲಿ ಸೆಕೆಂಡಿನ 50 ಫೀಲ್ಡುಗಳು 50 ಫ್ರೇಮುಗಳಾಗಿಯೇ ಉಳಿಯುವಂತೆ ಡಿಇಂಟರ್‌ಲೇಸ್ ಸೆಟ್ಟಿಂಗ್ ಆರಿಸಿ. 25ಕ್ಕೆ ಇಳಿಸಿದರೆ ಓಡುವ ಚೆಂಡು ಕುಂಟುತ್ತದೆ, ಮೂಲ ಅಳಿಸಿದ ಮೇಲೆ ಅದನ್ನು ಸರಿಪಡಿಸಲು ಬರುವುದಿಲ್ಲ.